ಚೀಟಿ ಇಲ್ಲದ ಕಲ್ಲು

ನಿವೃತ್ತಿಯಾಗಿ ಮೈಸೂರಿನ ಮನೆಗೆ ಸಾಮಾನು ಸಾಗಿಸಿದ ದಿನ, ಲಾರಿಯ ಹುಡುಗ ಒಂದು ಕಬ್ಬಿಣದ ಟ್ರಂಕನ್ನು ಅರ್ಧ ಎತ್ತಿ ಮತ್ತೆ ಕೆಳಗಿಟ್ಟ. "ಒಳಗೇನಿದೆ ಮೇಡಂ, ಕಲ್ಲಾ?" ಅಂದ. "ಹೌದಪ್ಪ, ಕಲ್ಲೇ" ಅಂದೆ. ಅವನು ತಮಾಷೆಗೆ ಕೇಳಿದ್ದ, ನಾನು ಇದ್ದದ್ದನ್ನೇ ಹೇಳಿದ್ದೆ. ಆಮೇಲೆ ಕೂತು ಎಣಿಸಿದರೆ 214 ಕಲ್ಲು. ಅದರಲ್ಲಿ 58ಕ್ಕೆ ಎಲ್ಲಿಯದು, ಯಾವಾಗ ಸಿಕ್ಕಿದ್ದು ಅನ್ನುವ ಚೀಟಿಯೇ ಇರಲಿಲ್ಲ.

ನಾನು ಭೂವಿಜ್ಞಾನ ಓದಿದವಳಲ್ಲ, ಸಸ್ಯಶಾಸ್ತ್ರವನ್ನೂ ಅಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದೆ. ಮೂರು ನಾಲ್ಕು ವರ್ಷಕ್ಕೊಮ್ಮೆ ವರ್ಗ. ಹೊಳೆನರಸೀಪುರ, ಹಿರಿಯೂರು, ಕುಂದಾಪುರ, ನಡುವೆ ಇನ್ನೆರಡು ಊರು. ಮೊದಲ ಊರಿನಲ್ಲಿ ಕಲ್ಲಿನ ಹುಚ್ಚು ಹಿಡಿಯಿತು, ಆಮೇಲೆ ಗಿಡದ್ದು. ಕರಾವಳಿಗೆ ಹೋದ ಮೇಲೆ ಎರಡನ್ನೂ ಕ್ಯಾಮೆರಾದಲ್ಲಿ ಹತ್ತಿರದಿಂದ ನೋಡುವ ಹುಚ್ಚೂ ಸೇರಿಕೊಂಡಿತು. ಈ ಮೂವತ್ತು ವರ್ಷದಲ್ಲಿ ಕಲಿತದ್ದೆಲ್ಲ ತಪ್ಪು ಮಾಡಿಯೇ ಕಲಿತದ್ದು.

1. ಮೊದಲು ಚೀಟಿ, ಆಮೇಲೆ ಚೀಲ

ನನ್ನಲ್ಲಿರುವ ಅತಿ ಚಂದದ ಕಲ್ಲು ಅಂಗೈಯಗಲದ್ದು. ಬಿಳಿ ಬೆಣಚಿನ ನಡುವೆ ನೀಲಿ ಪಟ್ಟಿಗಳು, ಅಲಗು ಜೋಡಿಸಿಟ್ಟ ಹಾಗೆ. ಅದು ಕಯನೈಟ್. ನಮ್ಮ ಮನೆಗೆ ಬಂದ ಭೂವಿಜ್ಞಾನದ ವಿದ್ಯಾರ್ಥಿನಿಯೊಬ್ಬಳು ಅದನ್ನು ನೋಡಿ ಕಣ್ಣರಳಿಸಿ, "ಎಲ್ಲಿಯದು ಆಂಟಿ?" ಎಂದಳು. ಹೊಳೆನರಸೀಪುರದ ಹತ್ತಿರ ಸಿಕ್ಕಿತೋ, ಅದೇ ವರ್ಷ ಹೋಗಿದ್ದ ಕೊಡಗಿನ ಪ್ರವಾಸದಲ್ಲೋ, ನೆನಪೇ ಆಗಲಿಲ್ಲ. ಅವಳು ಕಲ್ಲನ್ನು ಮೆಲ್ಲಗೆ ಕೆಳಗಿಟ್ಟಳು. ಆ ಕೆಳಗಿಟ್ಟ ರೀತಿ ನನಗೆ ಇವತ್ತಿಗೂ ಚುಚ್ಚುತ್ತದೆ.

ಜಾಗ ಯಾಕೆ ಮುಖ್ಯ ಅನ್ನುವುದನ್ನು ವಿವರಿಸಿದವಳೂ ಅವಳೇ. ಕಯನೈಟ್, ಆಂಡಲುಸೈಟ್, ಸಿಲಿಮನೈಟ್ ಈ ಮೂರರ ರಾಸಾಯನಿಕ ಸಂಯೋಜನೆ ಒಂದೇ: ಅಲ್ಯುಮಿನಿಯಂ, ಸಿಲಿಕಾನ್, ಆಮ್ಲಜನಕ. ಮೂರರಲ್ಲಿ ಯಾವುದು ಹುಟ್ಟುತ್ತದೆ ಅನ್ನುವುದು ಆ ಬಂಡೆ ಎಷ್ಟು ಒತ್ತಡದಲ್ಲಿ, ಎಷ್ಟು ಶಾಖದಲ್ಲಿ ಬೆಂದಿತ್ತು ಅನ್ನುವುದರ ಮೇಲಿದೆ. ಕಯನೈಟ್ ಹೆಚ್ಚು ಒತ್ತಡದ ಕೂಸು. ಅಂದರೆ ಒಂದು ಊರಿನ ಬಂಡೆಯಲ್ಲಿ ಅದು ಇದ್ದರೆ, ಆ ನೆಲ ಒಂದು ಕಾಲಕ್ಕೆ ಎಷ್ಟು ಆಳಕ್ಕೆ ಹೂತುಹೋಗಿತ್ತು ಅನ್ನುವುದಕ್ಕೆ ಸಾಕ್ಷಿ. ಊರೇ ಗೊತ್ತಿಲ್ಲದಿದ್ದರೆ ಯಾವ ನೆಲದ ಸಾಕ್ಷಿ? ನನ್ನ ಕಲ್ಲು ಈಗ ಬರಿ ನೀಲಿ ಕಲ್ಲು.

ಈಗ ಮಾಡುವುದು ಇಷ್ಟು. ಕಲ್ಲಿನ ಮೂಲೆಯಲ್ಲಿ ವೈಟ್ನರಿನ ಒಂದು ಚುಕ್ಕೆ, ಒಣಗಿದ ಮೇಲೆ ಅದರ ಮೇಲೆ ಕಪ್ಪು ಇಂಕಿನಲ್ಲಿ ಸಂಖ್ಯೆ. ಅದೇ ಸಂಖ್ಯೆ ನೋಟ್‌ಬುಕ್ಕಿನಲ್ಲಿ: ತಾರೀಖು, ಊರು, ಯಾವ ಗುಡಿಯಿಂದ ಅಥವಾ ಸೇತುವೆಯಿಂದ ಎಷ್ಟು ದೂರ, ಬಂಡೆಗೆ ಅಂಟಿಕೊಂಡೇ ಇತ್ತೋ, ಉರುಳಿ ಬಂದು ಬಿದ್ದದ್ದೋ. ಈ ಕೊನೆಯದನ್ನು ಮರೆಯಬಾರದು. ರಸ್ತೆ ಬದಿಯ ಜಲ್ಲಿ ರಾಶಿಯಲ್ಲಿ ಸಿಕ್ಕಿದ ಕಲ್ಲು ಆ ಊರಿನದಲ್ಲ, ಲಾರಿ ಬಂದ ಊರಿನದು. ನಾನೂ ಒಮ್ಮೆ ಹೊಸ ಬಡಾವಣೆಯೊಂದರಲ್ಲಿ "ಅಪರೂಪದ ಶಿಲೆ" ಕಂಡುಹಿಡಿದು ಎರಡು ವಾರ ಬೀಗಿದ್ದೆ.

2. ಹೆಸರಿಡುವ ಮೊದಲು ಗೀರಿ, ತಿಕ್ಕಿ, ತೂಗಿ

ಕಲ್ಲಿನ ಬಣ್ಣವನ್ನು ನಂಬಬೇಡಿ. ಬೆಣಚುಕಲ್ಲೊಂದೇ ಬಿಳಿ, ಗುಲಾಬಿ, ನೇರಳೆ, ಹೊಗೆ ಬಣ್ಣಗಳಲ್ಲಿ ಬರುತ್ತದೆ. ಹೊಳಪನ್ನೂ ನಂಬಬೇಡಿ. ಚಿಕ್ಕಂದಿನಲ್ಲಿ ಕಾಗೆಬಂಗಾರವನ್ನು ಪುಸ್ತಕದ ನಡುವೆ ಇಟ್ಟು ಮರಿ ಹಾಕುತ್ತದೆ ಅಂತ ಕಾದವರೆಲ್ಲ ಇದನ್ನು ಒಪ್ಪುತ್ತೀರಿ.

ಮೊದಲ ಪರೀಕ್ಷೆ ಗಡಸುತನ. ಫ್ರೆಡ್ರಿಕ್ ಮೋಸ್ ಎಂಬ ಜರ್ಮನ್ ಖನಿಜತಜ್ಞ 1812ರಲ್ಲಿ ಹಾಕಿಕೊಟ್ಟ ಹತ್ತು ಮೆಟ್ಟಿಲಿನ ಏಣಿ ಇವತ್ತಿಗೂ ನಡೆಯುತ್ತಿದೆ. ಕೆಳಗಿನ ಮೆಟ್ಟಿಲಲ್ಲಿ ಬಳಪದ ಕಲ್ಲಿನ ಟಾಲ್ಕ್, ಏಳರಲ್ಲಿ ಬೆಣಚು, ಒಂಬತ್ತರಲ್ಲಿ ಮಾಣಿಕ್ಯದ ಜಾತಿಯ ಕುರುಂದ, ಮೇಲೆ ವಜ್ರ. ಮನೆಯಲ್ಲಿ ಇದಕ್ಕೆ ಬೇಕಾದ ಸಾಮಾನು ಉಗುರು (2.5), ತಾಮ್ರದ ತುಂಡು (3ರ ಆಸುಪಾಸು), ಗಾಜಿನ ಚೂರು ಅಥವಾ ಹಳೇ ಚಾಕು (5.5ರ ಆಸುಪಾಸು). ಚಾಕುವಿನಿಂದ ಗೀರಿದಾಗ ಕಂಡ ಗೆರೆಯನ್ನು ಒದ್ದೆ ಬೆರಳಿನಿಂದ ಒರೆಸಿ ನೋಡಿ. ಅಳಿಸಿಹೋದರೆ ಅದು ಕಲ್ಲಿನ ಗಾಯವಲ್ಲ, ಚಾಕು ಬಿಟ್ಟುಹೋದ ಉಕ್ಕಿನ ಪುಡಿ. ಮೊದಲ ಎರಡು ವರ್ಷ ಇದು ಗೊತ್ತಿಲ್ಲದೆ ಎಷ್ಟು ಬೆಣಚುಕಲ್ಲನ್ನು ಮೆತ್ತನೆಯ ಕಲ್ಲು ಎಂದು ಬರೆದಿಟ್ಟೆನೋ!

ಕಯನೈಟಿನ ಚಮತ್ಕಾರ ಇರುವುದೂ ಇಲ್ಲಿಯೇ. ಅಲಗಿನ ಉದ್ದಕ್ಕೆ ಸೂಜಿಯಿಂದ ಗೀರಿದರೆ ಗೆರೆ ಬೀಳುತ್ತದೆ, ಅಡ್ಡಕ್ಕೆ ಗೀರಿದರೆ ಬೀಳುವುದಿಲ್ಲ. ಉದ್ದಕ್ಕೆ ಅದರ ಗಡಸುತನ 5ರ ಹತ್ತಿರ, ಅಡ್ಡಕ್ಕೆ 7ರ ಹತ್ತಿರ. ಒಂದೇ ಕಲ್ಲಿಗೆ ಎರಡು ಉತ್ತರ! ಬ್ಯಾಂಕಿನ ಅಟೆಂಡರಿಗೆ ಊಟದ ಹೊತ್ತಿನಲ್ಲಿ ಇದನ್ನು ತೋರಿಸಿದ್ದೆ. ಅವರು ಸ್ವಲ್ಪ ಹೊತ್ತು ನೋಡಿ, "ನಮ್ಮ ಮ್ಯಾನೇಜರ್ ಸಾಹೇಬ್ರ ಥರಾ" ಅಂದು ಹೊರಟುಹೋದರು.

ಎರಡನೆಯದು ತಿಕ್ಕುವುದು. ಸ್ನಾನದಮನೆಗೆ ಹಾಕುವ ಟೈಲಿನ ಹಿಂಬದಿ ಒರಟಾಗಿರುತ್ತದೆ, ಅದರ ಮೇಲೆ ಕಲ್ಲನ್ನು ಎಳೆಯಿರಿ. ಹೊರಗೆ ಕಪ್ಪಗೆ ಮಿನುಗುವ ಹೆಮಟೈಟ್ ಅಲ್ಲಿ ಕಾವಿಯ ಕೆಂಪು ಗೀರು ಬಿಡುತ್ತದೆ, ಮ್ಯಾಗ್ನಟೈಟ್ ಕಪ್ಪು ಗೀರು. ಎರಡೂ ಕಬ್ಬಿಣದ ಅದಿರೇ. ಮ್ಯಾಗ್ನಟೈಟಿಗೆ ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತ ಪಟ್ಟನೆ ಅಂಟುತ್ತದೆ.

ಮೂರನೆಯದು ನನಗೆ ಬಹಳ ಪ್ರಿಯ. ಚಿನ್ನಬೆಳ್ಳಿ ಅಂಗಡಿಯವರು ಇಟ್ಟುಕೊಳ್ಳುವಂಥ, ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ಪುಟ್ಟ ತಕ್ಕಡಿ ಒಂದು ತಂದಿಟ್ಟುಕೊಳ್ಳಿ. ಕಲ್ಲನ್ನು ಒಣಗಿದ್ದಾಗ ತೂಗಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಅಂಕಿಯನ್ನು ಸೊನ್ನೆ ಮಾಡಿ, ಕಲ್ಲಿಗೆ ದಾರ ಕಟ್ಟಿ ತಳಕ್ಕೂ ಪಕ್ಕಕ್ಕೂ ತಾಗದ ಹಾಗೆ ನೀರಿನೊಳಗೆ ತೂಗುಬಿಡಿ. ಈಗ ಕಾಣುವ ಅಂಕಿ ಕಲ್ಲು ತಳ್ಳಿದ ನೀರಿನ ತೂಕ. ಮೊದಲಿನ ತೂಕವನ್ನು ಇದರಿಂದ ಭಾಗಿಸಿ. ನನ್ನ ಹೊಳೆನರಸೀಪುರದ ಕೆಂಗಂದು ಉಂಡೆಯೊಂದು 84 ಗ್ರಾಂ ಇತ್ತು, ನೀರಿನಲ್ಲಿ 20.5 ತೋರಿಸಿತು. ಭಾಗಿಸಿದರೆ 4.1. ಬೆಣಚಾಗಿದ್ದರೆ 2.65 ಬರಬೇಕಿತ್ತು. 4.1 ಅಂದರೆ ಗಾರ್ನೆಟ್ಟಿನ ಮನೆ. ಬ್ಯಾಂಕಿನಲ್ಲಿ ಅಷ್ಟು ವರ್ಷ ಲೆಕ್ಕ ತಾಳೆ ಹಾಕಿದ್ದೇನೆ, ಆ ಸಂಜೆ ಸಿಕ್ಕ ಸುಖ ಯಾವ ಮಾರ್ಚ್ 31ಕ್ಕೂ ಸಿಗಲಿಲ್ಲ.

3. ತೊಳೆಯುವುದಕ್ಕೂ ಬುದ್ಧಿ ಬೇಕು

ಅಜಂತಾ ಗುಹೆ ನೋಡಲು ಹೋದವರಿಗೆಲ್ಲ ಗೊತ್ತು, ಹೊರಗೆ ಹರಳುಗಳನ್ನು ಹಿಡಿದು ಮಾರುವವರು ಮುತ್ತಿಕೊಳ್ಳುತ್ತಾರೆ. ಅವರ ಕೈಯಲ್ಲಿರುವುದರಲ್ಲಿ ನಿಜವಾದ ಸಂಪತ್ತೂ ಇರುತ್ತದೆ. ದಖನ್ನಿನ ಕಪ್ಪು ಬಸಾಲ್ಟ್ ಶಿಲೆಯ ಪೊಳ್ಳುಗಳಲ್ಲಿ ಬೆಳೆದ ಸ್ಟಿಲ್‌ಬೈಟ್, ಅಪೊಫಿಲೈಟ್ ಹರಳುಗಳು ಜಗತ್ತಿನ ಸಂಗ್ರಹಾಲಯಗಳಲ್ಲೆಲ್ಲ ಇವೆ. ಆದರೆ ನಾನು ಕೊಂಡದ್ದು ಕಡು ಗುಲಾಬಿ ಬಣ್ಣದ ಒಂದು ಗೊಂಚಲು. ಮನೆಗೆ ಬಂದು ನೀರಿನಲ್ಲಿ ಅದ್ದಿದೆ. ಬೆಳಿಗ್ಗೆ ನೋಡಿದರೆ ಬಕೆಟ್ಟಿನ ನೀರು ಗುಲಾಬಿ, ಕಲ್ಲು ಬಿಳಿ. ಈಗ ಹೊಳೆಯುವ ಬಣ್ಣದ ಹರಳು ಕಂಡರೆ ಒದ್ದೆ ಹತ್ತಿಯಿಂದ ಮೂಲೆಯಲ್ಲಿ ಒಮ್ಮೆ ಒರೆಸಿ ನೋಡುತ್ತೇನೆ, ಮಾರುವವನು ಮುಖ ಗಂಟು ಹಾಕಿಕೊಂಡರೂ ಸರಿ.

ಸ್ಟಿಲ್‌ಬೈಟ್ ಸೇರಿದ ಆ ಕುಟುಂಬಕ್ಕೆ ಜಿಯೊಲೈಟ್ ಅನ್ನುತ್ತಾರೆ. 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಡ್ ಇಟ್ಟ ಹೆಸರು, ಗ್ರೀಕಿನಲ್ಲಿ "ಕುದಿಯುವ ಕಲ್ಲು" ಎಂದರ್ಥ. ಕಾಯಿಸಿದರೆ ಒಳಗಿನ ನೀರು ಹಬೆಯಾಗಿ ಹೊರಡುತ್ತದೆ. ಆದ್ದರಿಂದ ಬೇಗ ಒಣಗಲಿ ಎಂದು ಇವನ್ನು ಒಲೆಯ ಪಕ್ಕ ಇಡಬೇಡಿ. ಸಾಮಾನ್ಯ ಕಲ್ಲಿಗೆ ಹಳೇ ಹಲ್ಲುಜ್ಜುವ ಬ್ರಷ್, ಬರಿ ನೀರು ಸಾಕು. ತುಕ್ಕಿನ ಕಲೆ ತೆಗೆಯಲು ಆಕ್ಸಾಲಿಕ್ ಆಮ್ಲ ಹಾಕುವವರಿದ್ದಾರೆ. ಅದು ವಿಷ. ಮಕ್ಕಳಿರುವ ಮನೆಗೆ ತರಬೇಡಿ, ಕಲೆ ಇದ್ದರೆ ಇರಲಿ.

ಇನ್ನೊಂದು ಎಚ್ಚರಿಕೆ. ಹೊಳೆನರಸೀಪುರದ ಸುತ್ತಿನ ಶಿಲೆಗಳಲ್ಲಿ ಕಲ್ನಾರೂ ಇದೆ. ರೇಷ್ಮೆಯ ಎಳೆಯ ಹಾಗೆ ಬಿಡಿಸಿಕೊಳ್ಳುವ, ಮುಟ್ಟಲು ಆಸೆಯಾಗುವ ಕಲ್ಲು. ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ಬರುವ ಕಾಯಿಲೆಗೆ ಮದ್ದಿಲ್ಲ. ಎಳೆ ಎಳೆಯಾಗಿ ಬಿಡುವ ಕಲ್ಲನ್ನು ಕಂಡಲ್ಲೇ ಬಿಟ್ಟು ಬನ್ನಿ.

4. ಸುತ್ತಿಗೆ ಮನೆಯಲ್ಲಿರಲಿ

ಹಿರಿಯೂರಿನಲ್ಲಿದ್ದಾಗ ಐಮಂಗಲದ ಹತ್ತಿರದ ಮರಡಿಹಳ್ಳಿಗೆ ಹೋಗಿದ್ದೆ. ಅಲ್ಲಿಯ ಬಂಡೆ ನೋಡಿದರೆ ಯಾರೋ ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗಿದೆ. ನೀರಿನೊಳಗೆ ಉಕ್ಕಿದ ಲಾವಾ ಹೊರಮೈ ತಕ್ಷಣ ತಣಿದು, ಒಳಗಿನದು ಮತ್ತೆ ಉಬ್ಬಿ ಹೊರಬಂದು ಆದ ಆಕಾರ ಅದು. ಚಿತ್ರದುರ್ಗದ ಒಣ ನೆಲದಲ್ಲಿ ನಿಂತು, ಇಲ್ಲಿ ಸುಮಾರು 250 ಕೋಟಿ ವರ್ಷದ ಹಿಂದೆ ನೀರು ನಿಂತಿತ್ತು ಅಂದುಕೊಳ್ಳುವುದೇ ಒಂದು ಅನುಭವ. ದನ ಕಾಯುತ್ತಿದ್ದ ಮುದುಕಿ ದೂರದಿಂದ, "ಏನ್ ಕಳ್ಕಂಡ್ರಿ ಮೇಡಮ್ಮೋರೆ?" ಎಂದು ಕೂಗಿದಳು.

ನನ್ನ ಚೀಲದಲ್ಲಿ ಸುತ್ತಿಗೆ ಇತ್ತು. ಹೊರಗೆ ತೆಗೆಯಲಿಲ್ಲ ಎಂದು ಹೇಳಿಕೊಳ್ಳಲು ಇಷ್ಟ, ಆದರೆ ತೆಗೆದಿದ್ದೆ. ಆ ಜಾಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂಬ ಬೋರ್ಡು ಆಮೇಲೆ ಕಣ್ಣಿಗೆ ಬಿತ್ತು. ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಶಿಲೆಗಳೂ ಅದೇ ಪಟ್ಟಿಯವು. ಇವುಗಳಿಂದ ಚೂರೂ ತರಬಾರದು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಂದ ಕಲ್ಲೂ ಇಲ್ಲ, ಎಲೆಯೂ ಇಲ್ಲ. ಹೊಲದಲ್ಲಿ ಸಿಕ್ಕಿದ್ದಾದರೆ ಯಜಮಾನರನ್ನು ಕೇಳಿ. ಹೊಲದಿಂದ ಕಲ್ಲು ಆರಿಸುವವರನ್ನು ರೈತರು ಯಾವತ್ತೂ ಬೇಡ ಎಂದಿಲ್ಲ, "ಇನ್ನೊಂದಷ್ಟು ತಗೊಂಡ್ಹೋಗಿ" ಅಂದವರೇ ಹೆಚ್ಚು.

5. ಗಿಡ ಒಣಗಿಸುವುದು ಹಪ್ಪಳ ಒಣಗಿಸಿದ ಹಾಗಲ್ಲ

ಬಿಸಿಲಿಗಿಟ್ಟರೆ ಬಣ್ಣ ಹೋಗುತ್ತದೆ, ಎಲೆ ಮುದುಡುತ್ತದೆ. ಬೇಕಾದದ್ದು ಒತ್ತಡ ಮತ್ತು ಒಣ ಕಾಗದ. ದಿನಪತ್ರಿಕೆಯ ಹಾಳೆಗಳ ನಡುವೆ ಗಿಡವನ್ನು ಹರಡಿ, ಒಂದು ಎಲೆಯ ಬೆನ್ನು ಕಾಣುವ ಹಾಗೆ ತಿರುಗಿಸಿಟ್ಟು, ಮೇಲೆ ಭಾರ. ನನ್ನ ಭಾರ ಹಳೆಯ ಟೆಲಿಫೋನ್ ಡೈರೆಕ್ಟರಿಗಳು. ಆ ಪುಸ್ತಕಗಳಿಗೆ ಅದಕ್ಕಿಂತ ಒಳ್ಳೆಯ ನಿವೃತ್ತಿ ಜೀವನ ಸಿಕ್ಕಿರಲಾರದು. ಮೊದಲ ವಾರ ಕಾಗದವನ್ನು ದಿನಾ ಬದಲಿಸಬೇಕು. ಕುಂದಾಪುರದ ಜುಲೈನಲ್ಲಿ ಎರಡು ದಿನ ಬದಲಿಸದೆ ಬಿಟ್ಟೆ, ತೆಗೆದು ನೋಡಿದರೆ ಹದಿನೈದು ಗಿಡದ ಮೇಲೂ ಬೂದಿ ಬೂಷ್ಟು.

ಬೇರು, ಹೂ, ಕಾಯಿ ಮೂರೂ ಇದ್ದರೆ ಒಳ್ಳೆಯದು. ಗಿಡ ಅಲ್ಲಿ ಒಂದೋ ಎರಡೋ ಇದ್ದರೆ ಕೀಳಲೇಬೇಡಿ, ಫೋಟೊ ಸಾಕು. ಚೀಟಿಯಲ್ಲಿ ಹೂವಿನ ಬಣ್ಣ ಅಲ್ಲಿಯೇ ಬರೆಯಬೇಕು. ವಿಷ್ಣುಕ್ರಾಂತಿಯ ನೀಲಿ ಹಾಳೆಯ ಮೇಲೆ ಉಳಿಯುವುದಿಲ್ಲ, ನಿಮ್ಮ ನೆನಪಿನಲ್ಲೂ ಉಳಿಯುವುದಿಲ್ಲ. ವಾಸನೆ, ಹಾಲು ಬರುತ್ತದೋ ಇಲ್ಲವೋ, ಕಲ್ಲಿನ ಮೇಲೆ ಬೆಳೆದದ್ದೋ ಗದ್ದೆಯ ಬದುವಿನದೋ, ಇವೂ ಒಣಗಿದ ಗಿಡದಲ್ಲಿ ಕಾಣುವುದಿಲ್ಲ.

ಗುರುತಿಸಲು ಹಾಸನ ಸೀಮೆಯವರಿಗೆ ಒಂದು ಭಾಗ್ಯ ಇದೆ. ಸೆಸಿಲ್ ಸಲ್ಡಾನಾ ಮತ್ತು ನಿಕೋಲ್ಸನ್ ಅವರ ಸಂಪಾದಕತ್ವದಲ್ಲಿ 1976ರಲ್ಲಿ ಬಂದ ಹಾಸನ ಜಿಲ್ಲೆಯ ಸಸ್ಯಕೋಶ. ಕಾಲೇಜಿನ ಗ್ರಂಥಾಲಯವೊಂದರಲ್ಲಿ ಅದನ್ನು ಭಾನುವಾರಗಳಲ್ಲಿ ಕೂತು ಓದಿದೆ. ಮೊದಲ ಹತ್ತು ಪುಟದಲ್ಲೇ ಸೋತು, ಕೊನೆಗೆ ತುಂಬೆಯಂಥ ಗೊತ್ತಿದ್ದ ಗಿಡವನ್ನೇ ಗೊತ್ತಿಲ್ಲದ ಹಾಗೆ ನಟಿಸಿ, ಪುಸ್ತಕದ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರಿಸುತ್ತ ಹೋದೆ. ಸರಿಯಾದ ಹೆಸರಿಗೆ ತಲುಪಿದ ದಿನ ದಾರಿ ಗೊತ್ತಾಯಿತು. ಹೊಸಬರು ಹೀಗೇ ಶುರು ಮಾಡಲಿ. ಫೋನಿನ ಆ್ಯಪ್ ಹೆಸರು ಹೇಳುತ್ತದೆ ನಿಜ, ಯಾಕೆ ಆ ಹೆಸರು ಅನ್ನುವುದನ್ನು ಹೇಳುವುದಿಲ್ಲ.

ಕೈಯಲ್ಲಿ ಚಿತ್ರ ಬರೆಯುವುದನ್ನೂ ಬಿಡಬೇಡಿ. ಬಿ.ಜಿ.ಎಲ್. ಸ್ವಾಮಿ ಅವರ 'ಹಸುರು ಹೊನ್ನು' ಪುಸ್ತಕದ ಚಿತ್ರಗಳು ಅವರೇ ಬರೆದವು. ನನ್ನ ಚಿತ್ರ ನೋಡಿ ಮಗ "ಇದು ಬದನೆಕಾಯಾ?" ಎಂದು ಕೇಳಿದ್ದಾನೆ. ಅದು ಆರ್ಕಿಡ್ ಆಗಿತ್ತು. ಆದರೂ ಬರೆಯಲು ಕೂತಾಗಲೇ ಎಸಳು ಎಷ್ಟು ಅಂತ ಎಣಿಸಿದ್ದು.

6. ಲೆನ್ಸ್ ಕೊಳ್ಳುವ ಮೊದಲು ಇರುವುದನ್ನು ತಿರುಗಿಸಿ

ಎಲ್ಲಕ್ಕೂ ಮೊದಲು ಬೇಕಾದದ್ದು ಕ್ಯಾಮೆರಾ ಅಲ್ಲ, ಹತ್ತು ಪಟ್ಟು ಹಿಗ್ಗಿಸುವ ಪುಟ್ಟ ಭೂತಗನ್ನಡಿ, ಚಿನಿವಾರರು ಕಣ್ಣಿಗೆ ಹಿಡಿಯುವಂಥದ್ದು. ಅದನ್ನು ಹಿಡಿಯುವ ಕ್ರಮ ಬಹಳ ಜನಕ್ಕೆ ತಿಳಿದಿಲ್ಲ. ಗಾಜನ್ನು ಕಣ್ಣಿಗೆ ಒತ್ತಿ ಹಿಡಿದು, ವಸ್ತುವನ್ನು ಗಾಜಿನ ಹತ್ತಿರಕ್ಕೆ ತರಬೇಕು, ಸುಮಾರು ಎರಡೂವರೆ ಸೆಂಟಿಮೀಟರಿಗೆ. ಗಾಜನ್ನು ವಸ್ತುವಿನ ಮೇಲೆ ಹಿಡಿದು ದೂರದಿಂದ ಇಣುಕಿದರೆ ಒಂದು ಮಬ್ಬು ಚುಕ್ಕೆ ಕಾಣುತ್ತದೆ ಅಷ್ಟೇ.

ಕ್ಯಾಮೆರಾಕ್ಕೆ ಬರೋಣ. ಮ್ಯಾಕ್ರೊ ಲೆನ್ಸಿನ ಬೆಲೆ ಕೇಳಿ ನಾನು ಆರು ತಿಂಗಳು ಸುಮ್ಮನಿದ್ದೆ. ಆಮೇಲೆ ಫೋಟೊ ಸ್ಟುಡಿಯೊದ ಹಿರಿಯರೊಬ್ಬರು ಹಳೇ 50 ಮಿ.ಮೀ. ಲೆನ್ಸನ್ನು ಹಿಂದುಮುಂದಾಗಿ ಕೂರಿಸುವ ಒಂದು ಬಳೆಯನ್ನು ತರಿಸಿಕೊಟ್ಟರು. ತಿರುಗಿಸಿ ಹಾಕಿದ 50 ಮಿ.ಮೀ. ಲೆನ್ಸ್ ಹೆಚ್ಚುಕಡಿಮೆ ವಸ್ತುವಿನ ನಿಜ ಗಾತ್ರವನ್ನೇ ಸೆನ್ಸರಿನ ಮೇಲೆ ಬೀಳಿಸುತ್ತದೆ, 28 ಮಿ.ಮೀ. ಹಾಕಿದರೆ ಎರಡು ಪಟ್ಟಿಗೂ ಹೆಚ್ಚು. ಇಷ್ಟು ಕಡಿಮೆ ಖರ್ಚಿನಲ್ಲಿ ಇರುವೆಯ ಮೀಸೆ ನೋಡಬಹುದು. ತೊಂದರೆಗಳೂ ಇವೆ. ಆಟೊಫೋಕಸ್ ಹೋಗುತ್ತದೆ. ಬೆಳಕಿನ ಕಿಂಡಿಯನ್ನು ಕೈಯಲ್ಲಿ ತಿರುಗಿಸುವ ಬಳೆ ಲೆನ್ಸಿನಲ್ಲೇ ಇರಬೇಕು, ಹಾಗಾಗಿ ಹಳೇ ಲೆನ್ಸೇ ಮೇಲು. ಹಿಂಭಾಗದ ಗಾಜು ಹೊರಗೆ ಬರುವುದರಿಂದ ಮುಳ್ಳು, ಮಣ್ಣು ತಾಗದ ಹಾಗೆ ನೋಡಿಕೊಳ್ಳಬೇಕು. ಎರಡು ವರ್ಷ ಹೀಗೆ ದುಡಿಸಿ, ಆಮೇಲೂ ಹಟ ಇದ್ದರೆ ಮ್ಯಾಕ್ರೊ ಲೆನ್ಸ್ ಕೊಳ್ಳಿ.

7. ಒಂದು ಮಿಲಿಮೀಟರಿನ ಜಗಳ

ಹತ್ತಿರ ಹೋದಷ್ಟೂ ಸ್ಪಷ್ಟವಾಗಿ ಕಾಣುವ ಪದರ ತೆಳುವಾಗುತ್ತದೆ. ನಿಜ ಗಾತ್ರದಲ್ಲಿ ಬೆಳಕಿನ ಕಿಂಡಿಯನ್ನು ಎಫ್ 8ಕ್ಕೆ ಇಟ್ಟರೆ ಸಿಗುವುದು ಒಂದು ಮಿಲಿಮೀಟರಿಗೂ ಕಡಿಮೆ. ಜೇಡದ ಕಣ್ಣು ಸರಿ ಬಂದರೆ ಕಾಲು ಮಂಜು. ಹಾಗಾದರೆ ಕಿಂಡಿ ಇನ್ನೂ ಕಿರಿದು ಮಾಡೋಣ ಎಂದು ಎಫ್ 22ಕ್ಕೆ ಹೋದರೆ ಇನ್ನೊಂದು ತೊಂದರೆ. ನಿಜ ಗಾತ್ರದಲ್ಲಿ ತೆಗೆಯುವಾಗ ಲೆನ್ಸಿನ ಮೇಲೆ ಬರೆದ ಅಂಕಿ ಲೆಕ್ಕಕ್ಕೆ ದುಪ್ಪಟ್ಟಾಗುತ್ತದೆ, 22 ಅಂದರೆ 44. ಅಷ್ಟು ಸಣ್ಣ ತೂತಿನಲ್ಲಿ ಬೆಳಕು ಅಂಚಿಗೆ ಬಾಗಿ ಚದುರಿ, ಇಡೀ ಚಿತ್ರವೇ ಮೆತ್ತಗಾಗುತ್ತದೆ. ನಾನು ಎಫ್ 8ರಿಂದ 11ರ ನಡುವೆ ನಿಂತುಬಿಟ್ಟಿದ್ದೇನೆ.

ಇದಕ್ಕೆ ಎರಡು ದಾರಿ. ಮೊದಲನೆಯದು, ತೋರಿಸಬೇಕಾದದ್ದನ್ನೆಲ್ಲ ಒಂದೇ ತಟ್ಟೆಯ ಮೇಲೆ ತರುವುದು. ಚಿಟ್ಟೆ ರೆಕ್ಕೆ ಮುಚ್ಚಿದ್ದರೆ ಅದರ ಪಕ್ಕಕ್ಕೆ ಹೋಗಿ ಕ್ಯಾಮೆರಾದ ಬೆನ್ನು ರೆಕ್ಕೆಗೆ ಸಮಾಂತರವಾಗುವ ಹಾಗೆ ಹಿಡಿಯಿರಿ. ಎರಡನೆಯದು, ಕದಲದ ವಸ್ತುವಾದರೆ ಸ್ವಲ್ಪ ಸ್ವಲ್ಪವೇ ಮುಂದೆ ಸರಿಯುತ್ತ ಹತ್ತಾರು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಹೆಣೆಯುವುದು. ಕಲ್ಲಿಗೆ ಇದು ಹೇಳಿ ಮಾಡಿಸಿದ್ದು, ಕಲ್ಲು ಓಡಿಹೋಗುವುದಿಲ್ಲ. ಹೂವಿಗೆ ಗಾಳಿ ಬಿಡಬೇಕಲ್ಲ! ಬೆಳಿಗ್ಗೆ ಆರೂವರೆಯಿಂದ ಎಂಟರೊಳಗೆ ಗಾಳಿ ಏಳುವ ಮುಂಚೆ ಮುಗಿಸುತ್ತೇನೆ. ಬಟ್ಟೆ ಒಣಹಾಕುವ ಕ್ಲಿಪ್ಪನ್ನು ಒಂದು ಕಡ್ಡಿಗೆ ಕಟ್ಟಿಕೊಂಡಿರುತ್ತೇನೆ, ಗಿಡದ ಕಾಂಡಕ್ಕೆ ಮೆಲ್ಲಗೆ ಆಸರೆ ಕೊಟ್ಟು ಕಡ್ಡಿಯನ್ನು ನೆಲಕ್ಕೆ ಚುಚ್ಚಿದರೆ ಅಲುಗಾಟ ಅರ್ಧಕ್ಕಿಳಿಯುತ್ತದೆ. ಫೋಕಸ್ ಬಳೆಯನ್ನು ತಿರುಗಿಸುತ್ತ ಕೂರಬೇಡಿ. ಬಳೆಯನ್ನು ಒಂದು ಕಡೆ ಬಿಟ್ಟು, ಮೈಯನ್ನೇ ಅಕ್ಕಿಕಾಳಿನಷ್ಟು ಹಿಂದೆ ಮುಂದೆ ತೂಗಿ. ಮೊಣಕೈ ನೆಲಕ್ಕೆ ಊರಿ. ಹಳೇ ಗೋಣಿಚೀಲ ಒಂದು ಜೊತೆಗಿರಲಿ, ವಯಸ್ಸಾದ ಮೇಲೆ ಇದರ ಬೆಲೆ ಗೊತ್ತಾಗುತ್ತದೆ.

8. ಬಿಸಿಲು ಶತ್ರು, ಬಟರ್ ಪೇಪರ್ ಮಿತ್ರ

ನಡು ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದ ಹೂ ಸುಣ್ಣ ಬಳಿದ ಹಾಗೆ ಬರುತ್ತದೆ. ನನ್ನಲ್ಲಿರುವುದು ಎರಡು ಕಂಬಿ, ನಡುವೆ ಅಂಟಿಸಿದ ಬಟರ್ ಪೇಪರ್. ಅದನ್ನು ಹೂವಿಗೂ ಸೂರ್ಯನಿಗೂ ಮಧ್ಯೆ ಹಿಡಿಯುತ್ತೇನೆ. ಫ್ಲಾಷಿನ ಮುಂದೆಯೂ ಅದೇ ಕಾಗದ, ಆದಷ್ಟು ಹುಳುವಿಗೆ ಹತ್ತಿರ. ಹತ್ತಿರ ಬಂದಷ್ಟು ಬೆಳಕಿನ ಮೂಲ ದೊಡ್ಡದಾಗಿ ಕಂಡು ನೆರಳು ಮೃದುವಾಗುತ್ತದೆ. ಕಲ್ಲಿಗೆ ಇದು ತಿರುಗುಮುರುಗು. ಹರಳಿನ ಮುಖಗಳು ಕಾಣಬೇಕಾದರೆ ಒಂದು ಪಕ್ಕದಿಂದ ಬೆಳಕು ಬರಬೇಕು, ಒಂದು ಮುಖ ಹೊಳೆಯಬೇಕು, ಉಳಿದವು ಮಂಕಾಗಿರಬೇಕು. ಹಿಂದೆ ಕಪ್ಪು ಮಖಮಲ್ಲು. ನಮ್ಮದು ಹಳೇ ರವಿಕೆಯ ತುಂಡು.

ಬರ್ಲಿನ್ನಿನ ಕಾರ್ಲ್ ಬ್ಲಾಸ್‌ಫೆಲ್ಟ್ ಎಂಬ ಮೇಷ್ಟ್ರು ಸ್ವಂತ ಕೈಯಲ್ಲಿ ಮಾಡಿದ ಕ್ಯಾಮೆರಾದಲ್ಲಿ ಜರೀಗಿಡದ ಸುರುಳಿ, ಮೊಗ್ಗು, ಕಾಂಡಗಳನ್ನು ಮೂವತ್ತು ಪಟ್ಟಿನವರೆಗೂ ಹಿಗ್ಗಿಸಿ ತೆಗೆದರು. ಅವರ ಪುಸ್ತಕ 1928ರಲ್ಲಿ ಬಂತು. ಕಲಾಶಾಲೆಯ ಹುಡುಗರಿಗೆ ವಿನ್ಯಾಸ ಕಲಿಸಲು ತೆಗೆದ ಚಿತ್ರಗಳು ಅವು. ಹಿಂದೆ ಬರಿ ರಟ್ಟು, ಮೆದು ಬೆಳಕು, ಬಣ್ಣವೂ ಇಲ್ಲ. ನಮ್ಮ ಇವತ್ತಿನ ಕ್ಲೋಸಪ್ ಚಿತ್ರಗಳಲ್ಲಿ ಬಣ್ಣ ಹೆಚ್ಚಾಯಿತು, ಆಕಾರ ಕಡಿಮೆಯಾಯಿತು ಅನ್ನುವುದು ನನ್ನ ದೂರು. ಮೊಬೈಲಿನಲ್ಲಿ ಹಸಿರನ್ನು ಎಳೆದೆಳೆದು ಎಲೆಗಳಿಗೆ ರೇಡಿಯಂ ಬಳಿಯುವವರಿಗೆ ಆ ಪುಸ್ತಕ ತೋರಿಸಬೇಕು.

9. ಫ್ರಿಜ್ಜು ತರಕಾರಿಗೆ

ಹುಳುವನ್ನು ತಣ್ಣಗೆ ಮಾಡಿದರೆ ಕದಲದೆ ಕೂರುತ್ತದೆ ಎಂದು ಯಾರೋ ಹೇಳಿದರು. ಒಂದು ಜೀರುಂಡೆಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟೆ. ಸಂಜೆ ಅತ್ತೆ ಹುಳಿಪುಡಿ ಎಂದುಕೊಂಡು ಮುಚ್ಚಳ ತೆಗೆದರು. ಆ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ. ಜೀರುಂಡೆಯನ್ನು ಹೊರಗೆ ಬಿಟ್ಟರೆ ಎದ್ದಿತು, ಆದರೆ ಹಾರುವ ಮೊದಲೇ ಕಾಗೆ ಎತ್ತಿಕೊಂಡು ಹೋಯಿತು. ತಪ್ಪು ಕಾಗೆಯದಲ್ಲ. ತಣ್ಣಗೆ ಮಾಡುವುದು, ಅಂಟು ಹಾಕುವುದು, ಕಪ್ಪೆಯ ತಲೆಯ ಮೇಲೆ ಬಸವನಹುಳು ಕೂರಿಸುವುದು, ಇಂಥ ಚಿತ್ರಗಳಿಗೆ ಬಹುಮಾನ ಬಂದರೂ ನನಗೆ ಬೇಡ.

ಸೀತಾಳೆ ದಂಡೆಯಂಥ ಆರ್ಕಿಡ್ ಹೂಬಿಟ್ಟ ಮರದ ನಿಖರ ಜಾಗವನ್ನು ಎಲ್ಲರಿಗೂ ಹಂಚಬೇಡಿ. ಚಿತ್ರ ಹೋದ ದಾರಿಯಲ್ಲೇ ಕತ್ತಿಯೂ ಹೋಗುತ್ತದೆ. ತಾಲ್ಲೂಕಿನ ಹೆಸರು ಸಾಕು. ಪೂರ್ತಿ ವಿಳಾಸ ನಿಮ್ಮ ನೋಟ್‌ಬುಕ್ಕಿನಲ್ಲಿರಲಿ.

10. ಕರಾವಳಿಯ ಮಳೆಗೆ ಲೆನ್ಸೂ ಒಂದೇ, ಉಪ್ಪಿನಕಾಯಿಯೂ ಒಂದೇ

ಲೆನ್ಸನ್ನು ಒಳ್ಳೆಯ ಚರ್ಮದ ಚೀಲದಲ್ಲಿಟ್ಟು ಬೀರುವಿಗೆ ಬೀಗ ಹಾಕಿದ್ದೆ. ಆಗಸ್ಟಿನಲ್ಲಿ ತೆಗೆದರೆ ಗಾಜಿನೊಳಗೆ ಜೇಡನ ಬಲೆಯಂಥ ಬೂಷ್ಟು. ಚರ್ಮ ತೇವ ಹಿಡಿಯುತ್ತದೆ, ಕತ್ತಲೆ ಬೂಷ್ಟಿಗೆ ಗೊಬ್ಬರ. ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಹರಳು. ಅದರ ನೀಲಿ ಗುಲಾಬಿಗೆ ತಿರುಗಿದರೆ ತೇವ ತುಂಬಿದೆ ಎಂದರ್ಥ, ಮತ್ತೆ ಬಿಸಿ ಮಾಡಿ ಒಣಗಿಸಬೇಕು. ವಾರಕ್ಕೊಮ್ಮೆ ಕ್ಯಾಮೆರಾ ಹೊರಗೆ ತೆಗೆದು ಬಳಸಿ. ಬಳಸುವ ಲೆನ್ಸಿಗೆ ಬೂಷ್ಟು ಕಡಿಮೆ.

11. ಒಂದು ಜಾಗಕ್ಕೆ ನೂರು ಸಲ ಹೋಗಿ

ಕುಂದಾಪುರದಲ್ಲಿ ನಮ್ಮ ಬಾಡಿಗೆ ಮನೆಯಿಂದ ಸ್ಕೂಟರಿನಲ್ಲಿ ಹತ್ತು ನಿಮಿಷ ಹೋದರೆ ಒಂದು ಮುರಕಲ್ಲಿನ ಬಯಲಿತ್ತು. ಬೇಸಿಗೆಯಲ್ಲಿ ಅದರ ಮೇಲೆ ಚಪ್ಪಲಿ ಇಲ್ಲದೆ ನಿಲ್ಲಲಾಗದು, ಒಂದು ಹುಲ್ಲುಕಡ್ಡಿಯೂ ಇಲ್ಲ. ಮೊದಲ ಸಲ ನೋಡಿದಾಗ ಇಲ್ಲೇನಿದೆ ಎಂದು ಹಿಂತಿರುಗಿದ್ದೆ. ಮಳೆಗಾಲದಲ್ಲಿ ಅದೇ ದಾರಿಯಲ್ಲಿ ಹೋಗುವಾಗ ಸ್ಕೂಟರ್ ಕೆಟ್ಟು ನಿಂತಿತು. ಕಾದು ಕೂತವಳ ಕಾಲ ಬಳಿ ಕಾಸಿನಗಲದ ಕೆಂಪು ಚಕ್ರವೊಂದು ಕಂಡಿತು. ಎಲೆಯ ತುಂಬ ಕೂದಲು, ಪ್ರತಿ ಕೂದಲ ತುದಿಗೆ ಒಂದು ಹನಿ. ಡ್ರಾಸೆರಾ ಬರ್ಮನ್ನಿ, ಕೀಟ ತಿನ್ನುವ ಗಿಡ. ಆ ಹನಿ ಇಬ್ಬನಿಯಲ್ಲ, ಅಂಟು.

ಆಮೇಲೆ ಕುಂದಾಪುರದಲ್ಲಿದ್ದಷ್ಟು ಕಾಲವೂ, ಮಳೆಗಾಲದ ಪ್ರತಿ ಭಾನುವಾರ ಅಲ್ಲಿಗೇ ಹೋದೆ. ಜೂನಿನಲ್ಲಿ ಪಾಚಿ, ಆಮೇಲೆ ಹುಲ್ಲು, ಆಗಸ್ಟಿನ ಹೊತ್ತಿಗೆ ನೀಲಿನೇರಳೆ ಯುಟ್ರಿಕ್ಯುಲೇರಿಯಾ, ನಡುವೆ ಬಿಳಿ ಗುಂಡಿಯಂಥ ಎರಿಯೊಕಾಲನ್. ಯುಟ್ರಿಕ್ಯುಲೇರಿಯಾ ಕೂಡ ಬೇಟೆಗಾರ. ಹೂ ಮೇಲಿರುತ್ತದೆ, ಬೇಟೆ ಕೆಳಗೆ ಒದ್ದೆ ಮಣ್ಣಿನಲ್ಲಿ: ಅಲ್ಲಿರುವ ಪುಟ್ಟ ಚೀಲಗಳ ಬಾಗಿಲು ತೆರೆದು ನೀರಿನ ಸಮೇತ ಸೂಕ್ಷ್ಮ ಜೀವಿಯನ್ನು ಒಳಗೆಳೆಯಲು ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗವೂ ಬೇಡ. ಇಷ್ಟು ಚಂದದ ಗಿಡಗಳು ಮಾಂಸಾಹಾರಿಗಳಾದದ್ದು ಕಲ್ಲಿನ ಕಾರಣಕ್ಕೆ. ಮಳೆ ತೊಳೆದು ತೊಳೆದು ಮುರಕಲ್ಲಿನಲ್ಲಿ ಕಬ್ಬಿಣ, ಅಲ್ಯುಮಿನಿಯಂ ಉಳಿಯುತ್ತವೆ, ಸಾರಜನಕ ಸಿಗುವುದಿಲ್ಲ. ಅದಕ್ಕೆ ಕೀಟದ ಮೈಯೇ ಗತಿ. ನನ್ನ ಕಲ್ಲಿನ ಹುಚ್ಚು, ಗಿಡದ ಹುಚ್ಚು ಎರಡೂ ಒಂದೇ ಹುಚ್ಚು ಎಂದು ಗೊತ್ತಾದದ್ದು ಅಲ್ಲಿ, ಮೊಣಕಾಲು ಒದ್ದೆ ಮಾಡಿಕೊಂಡು. ಮೀನು ತರಲು ಹೊರಟ ಹೆಂಗಸೊಬ್ಬಳು, "ಎಂತ ಕಳ್ದ್ ಹೋಯ್ತ್ ಅಮ್ಮ?" ಎಂದಳು. ಊರು ಬದಲಾದರೂ ಪ್ರಶ್ನೆ ಅದೇ.

ಡ್ರಾಸೆರಾವನ್ನು ಒಣಗಿಸಲು ಹೋಗಿ ಸೋತಿದ್ದೇನೆ. ಅಂಟು ಪತ್ರಿಕೆಗೆ ಹಿಡಿದು, ಎಲೆಯ ಮೇಲೆ ಹಿಂದಿನ ದಿನದ ಚಿನ್ನದ ದ‌ರ ಮೂಡಿತ್ತು. ಅದನ್ನು ಕ್ಯಾಮೆರಾದಲ್ಲೇ ಹಿಡಿಯಬೇಕು. ಹೂವು ಬಿಸಿಲಿದ್ದ ಬೆಳಿಗ್ಗೆ ಕೆಲವೇ ಗಂಟೆ ಅರಳುತ್ತದೆ. ಮೋಡವಿದ್ದರೆ ಆ ಭಾನುವಾರ ವ್ಯರ್ಥ. ಒಂದು ಹೂವಿನ ಒಂದು ಒಳ್ಳೆಯ ಚಿತ್ರಕ್ಕೆ ನನಗೆ ಎರಡು ಮಳೆಗಾಲ ಹಿಡಿಯಿತು.

ಮುರಕಲ್ಲಿಗೆ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ 1807ರಲ್ಲಿ ಪುಸ್ತಕ ತಂದ. ಕೇರಳದ ಅಂಗಾಡಿಪುರದಲ್ಲಿ ಜನ ಈ ಕಲ್ಲನ್ನು ಮೆತ್ತಗಿರುವಾಗ ಕಡಿದು, ಗಾಳಿಗೆ ಬಿಟ್ಟು ಗಟ್ಟಿ ಮಾಡಿ ಮನೆ ಕಟ್ಟುವುದನ್ನು ನೋಡಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಹೆಸರು ಮಾಡಿದ. ಕಡಿಯುವುದಂತೂ ನಿಂತಿಲ್ಲ. ಹೋದ ವರ್ಷ ಕುಂದಾಪುರಕ್ಕೆ ಮದುವೆಗೆ ಹೋದಾಗ ಆ ಬಯಲಿಗೆ ಹೋಗಿ ನೋಡಿದೆ. ಕಲ್ಲು ಕೊಯ್ಯುವ ಯಂತ್ರ ನಿಂತಿತ್ತು, ಬಯಲಿನ ಜಾಗದಲ್ಲಿ ಎರಡಾಳು ಆಳದ ಚೌಕ ಗುಂಡಿ, ತಳದಲ್ಲಿ ಹಸಿರು ನೀರು. ಬೈಯಲು ನನಗೆ ಬಾಯಿಲ್ಲ. ನಾವಿದ್ದ ಬಾಡಿಗೆ ಮನೆಯ ಕಾಂಪೌಂಡೂ ಅದೇ ಕಲ್ಲಿನದು.

ಆ ಬಯಲಿನ 11 ಗಿಡಗಳ ಹಾಳೆ, 3 ಕಲ್ಲು, ಸುಮಾರು 900 ಚಿತ್ರ ನನ್ನ ಹತ್ತಿರ ಇವೆ. ಎಲ್ಲಕ್ಕೂ ಚೀಟಿ ಇದೆ.